ನಿಮಗಿದು ಗೊತ್ತೆ? ಜೀನಿನ ಬಾಯಿಗೆ ಸಕ್ಕರೆ ಬೀಗ!

ದಾವಣಗೆರೆಯ ಬೆಣ್ಣೆದೋಸೆ, ಹರಿಹರದಲ್ಲಿ ಸಂಜೆ ಮೆದ್ದ ಮಂಡಕ್ಕಿ, ಎರಡರಲ್ಲಿರುವ ಪಿಷ್ಟವೂ ಕೊನೆಗೆ ಗ್ಲೂಕೋಸ್ ಆಗುತ್ತದೆ. ಹೆಚ್ಚಿನದು ಶಕ್ತಿಗಾಗಿ ಖರ್ಚಾಗುತ್ತದೆ. ಒಂದಿಷ್ಟು ಮಾತ್ರ ಜೀವಕೋಶದಲ್ಲಿ ಬೇರೊಂದು ಸಕ್ಕರೆಯಾಗಿ ಮಾರ್ಪಟ್ಟು ಪ್ರೋಟೀನುಗಳಿಗೆ ಅಂಟಿಕೊಳ್ಳುತ್ತದೆ. ಅಂಟಿಸುವ ಕಿಣ್ವದ ಹೆಸರು ಒಜಿಟಿ.

ಹೀಗೆ ಸಕ್ಕರೆ ಅಂಟುವುದರ ಮಹತ್ವ ತೋರಿಸಿದ್ದು ಕೊಳೆತ ಬಾಳೆಹಣ್ಣಿಗೆ ಮುತ್ತುವ ಪುಟ್ಟ ನೊಣ, ಡ್ರೊಸಾಫಿಲಾ. ಗಂಡುನೊಣದ ಮುಂಗಾಲಲ್ಲಿ ಮಾತ್ರ ಬಾಚಣಿಗೆಯಂಥ ಬಿರುಗೂದಲು ಇರುತ್ತದೆ. ‘ಸೂಪರ್ ಸೆಕ್ಸ್ ಕೋಂಬ್ಸ್’ ಜೀನು ಕೆಟ್ಟರೆ ಉಳಿದ ಕಾಲುಗಳಲ್ಲೂ ಅದು ಮೂಡುತ್ತದೆ. ಒಜಿಟಿಯನ್ನು ತಯಾರಿಸುವುದು ಇದೇ ಜೀನು ಎಂದು 2009ರಲ್ಲಿ ತಿಳಿಯಿತು. ಸಕ್ಕರೆ ಅಂಟದಿದ್ದರೆ, ದೇಹದ ಯಾವ ಭಾಗ ಎಲ್ಲಿ ಮೂಡಬೇಕೆಂದು ನಿರ್ಧರಿಸುವ ಹಾಕ್ಸ್ ಜೀನುಗಳನ್ನು ಸುಮ್ಮನಿರಿಸುವ ಪಾಲಿಹೋಮಿಯೋಟಿಕ್ ಪ್ರೋಟೀನು ಗಂಟುಕಟ್ಟಿ ಕೆಲಸ ಕೆಡುತ್ತದೆ. ಸುಮ್ಮನಿರಬೇಕಾದ ಕಡೆ ಆ ಜೀನುಗಳು ಎಚ್ಚರಗೊಳ್ಳುತ್ತವೆ; ಉಳಿದ ಕಾಲುಗಳಲ್ಲೂ ಬಾಚಣಿಗೆ ಮೂಡುವುದು ಹೀಗೆ.