ವಿದೇಶಾಂಗ ಸೇವೆ: ಒಳಗೆ ಹೋಗುವ ಬಾಗಿಲು ಯಾವುದು?

ಅಂತರರಾಷ್ಟ್ರೀಯ ಸಂಬಂಧಗಳಲ್ಲಿ ಎಂ.ಎ. ಮುಗಿಸಿದರೆ ರಾಯಭಾರ ಕಚೇರಿಯಲ್ಲಿ ಅಧಿಕಾರಿಯಾಗಬಹುದು ಎಂದು ನಂಬಿರುವ ವಿದ್ಯಾರ್ಥಿಗಳು ಬಹಳ ಮಂದಿ. ನಮ್ಮ ದೇಶದಲ್ಲಿ ಹಾಗಿಲ್ಲ. ಭಾರತೀಯ ವಿದೇಶಾಂಗ ಸೇವೆಗೆ (ಐಎಫ್‌ಎಸ್) ನೇರ ನೇಮಕ ಆಗುವುದು ಯುಪಿಎಸ್‌ಸಿಯ ನಾಗರಿಕ ಸೇವಾ ಪರೀಕ್ಷೆಯ ಮೂಲಕ. ಐಎಎಸ್, ಐಪಿಎಸ್‌ಗೆ ಬರೆಯುವ ಪರೀಕ್ಷೆಯೇ ಅದು. ಯಾವ ಪದವಿಯಾದರೂ ಸಾಕು, ಬಿ.ಕಾಂ. ಓದಿದವರೂ ವೈದ್ಯರೂ ಒಂದೇ ಸಾಲು.

ಯಾವ ಸೇವೆ ಮೊದಲು ಬೇಕು, ಯಾವುದು ಆಮೇಲೆ ಎಂದು ಅಭ್ಯರ್ಥಿ ತಿಳಿಸಬೇಕು. ರ‍್ಯಾಂಕ್ ಮತ್ತು ಆ ಆದ್ಯತೆ ನೋಡಿ ಸೇವೆ ಹಂಚುತ್ತಾರೆ. 2023ರ ಪರೀಕ್ಷೆಯಲ್ಲಿ ಐಎಎಸ್‌ಗೆ 180 ಹುದ್ದೆಗಳಿದ್ದರೆ ಐಎಫ್‌ಎಸ್‌ಗೆ ಇದ್ದದ್ದು 37, 2024ರಲ್ಲಿ 55. ಈ ಆದ್ಯತೆಯ ಪಟ್ಟಿಯನ್ನು ದಯವಿಟ್ಟು ಯಾರದೋ ಒತ್ತಾಯಕ್ಕೆ ತುಂಬಬೇಡಿ. ಜಿಲ್ಲಾಧಿಕಾರಿ ಆಗಲೇಬೇಕೆಂದಿರುವವರು ಐಎಫ್‌ಎಸ್‌ಗೆ ಸೇರಿ ಸೇವೆಯಲ್ಲಿದ್ದುಕೊಂಡೇ ಮತ್ತೆ ಅದೇ ಪರೀಕ್ಷೆ ಬರೆಯುವಂತಿಲ್ಲ. ಸಾಮಾನ್ಯ ವರ್ಗದವರಿಗೆ 32 ವರ್ಷದವರೆಗೆ ಆರು ಅವಕಾಶ. ಹಿಂದುಳಿದ ವರ್ಗ, ಪರಿಶಿಷ್ಟರಿಗೆ ರಿಯಾಯಿತಿ ಉಂಟು.

ಕನ್ನಡ ಮಾಧ್ಯಮದವರು ಹಿಂಜರಿಯಬೇಕಿಲ್ಲ. ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಗಳು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತವೆ, ನಿಜ. ಆದರೆ ಮುಖ್ಯ ಪರೀಕ್ಷೆಯನ್ನು ಕನ್ನಡದಲ್ಲೇ ಬರೆಯಬಹುದು, ಕನ್ನಡ ಸಾಹಿತ್ಯವನ್ನು ಐಚ್ಛಿಕ ವಿಷಯವಾಗಿ ತೆಗೆದುಕೊಳ್ಳಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಎದುರಿಸಬಹುದು. ಇಂಗ್ಲಿಷಿನ ಒಂದು ಅರ್ಹತಾ ಪತ್ರಿಕೆ ಮಾತ್ರ ಪಾಸಾಗಲೇಬೇಕು.

ಆಯ್ಕೆಯಾದ ಮೇಲೆ ಮಸ್ಸೂರಿಯಲ್ಲಿ ಬುನಾದಿ ತರಬೇತಿ, ಆಮೇಲೆ ದೆಹಲಿಯ ಸುಷ್ಮಾ ಸ್ವರಾಜ್ ವಿದೇಶಾಂಗ ಸೇವಾ ಸಂಸ್ಥೆ. ಪ್ರತಿ ಅಧಿಕಾರಿಗೂ ಅರೇಬಿಕ್, ಚೀನಿ, ರಷ್ಯನ್, ಸ್ಪ್ಯಾನಿಷ್, ಜಪಾನಿ ಮುಂತಾದವುಗಳಲ್ಲಿ ಒಂದು ಭಾಷೆ ಗೊತ್ತುಮಾಡುತ್ತಾರೆ. ಆ ಭಾಷೆಯ ನಾಡಿಗೆ ಥರ್ಡ್ ಸೆಕ್ರೆಟರಿಯಾಗಿ ಹೋಗಿ, ಕಲಿತು, ಪರೀಕ್ಷೆ ಪಾಸು ಮಾಡಿದ ಮೇಲೆಯೇ ಕೆಲಸ ಕಾಯಂ.

ಶೃಂಗಸಭೆ, ಕೈಕುಲುಕುವ ಫೋಟೊ ಟಿವಿಯಲ್ಲಿ ಕಾಣುತ್ತವೆ. ಕಾಣದ ಕೆಲಸವನ್ನು ನೋಡಿ. ಉಡುಪಿಯಿಂದಲೋ ಭಟ್ಕಳದಿಂದಲೋ ಕೊಲ್ಲಿಗೆ ದುಡಿಯಲು ಹೋದವರೊಬ್ಬರು ಅಲ್ಲೇ ತೀರಿಕೊಂಡರು ಎಂದಿಟ್ಟುಕೊಳ್ಳಿ. ಪಾರ್ಥಿವ ಶರೀರ ಊರಿಗೆ ಬರಬೇಕಾದರೆ ಅಲ್ಲಿನ ಮರಣ ಪ್ರಮಾಣಪತ್ರ, ಪೊಲೀಸರ ಅನುಮತಿ, ಮನೆಯವರ ಒಪ್ಪಿಗೆ ಪತ್ರ ಎಲ್ಲ ಕೂಡಿಬರಬೇಕು. ನಮ್ಮ ರಾಯಭಾರ ಕಚೇರಿ ಸಾವನ್ನು ನೋಂದಾಯಿಸಿ, ಪಾಸ್‌ಪೋರ್ಟ್ ರದ್ದು ಮಾಡಿ, ನಿರಾಕ್ಷೇಪಣಾ ಪತ್ರ ಕೊಡಬೇಕು. ಕೆಲಸ ಕೊಟ್ಟ ಮಾಲೀಕ ಜಾರಿಕೊಂಡರೆ, ಅರ್ಹ ಬಡ ಕುಟುಂಬಕ್ಕೆ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ಖರ್ಚು ಕೊಡಲು ಅವಕಾಶವಿದೆ. ಬಾಕಿ ಸಂಬಳದ ಮಾತು ಬೇರೆ. ಇತ್ತ ಮನೆಯವರ ಫೋನು ನಿಲ್ಲುವುದಿಲ್ಲ. ಈ ಕಡತ ಹಿಡಿದು ಓಡಾಡುವ ಅಧಿಕಾರಿ ಬಹಳ ಸಲ ಸೇವೆಗೆ ಸೇರಿ ಕೆಲವೇ ವರ್ಷವಾದವರು. ಇದನ್ನು ಕೀಳು ಕೆಲಸ ಎಂದುಕೊಳ್ಳುವವರಿಗೆ ಈ ಸೇವೆ ಸಲ್ಲದು ಎಂದೇ ನನ್ನ ಅನಿಸಿಕೆ.

ಇನ್ನೊಂದು ವಿಷಯ. ರಾಯಭಾರಿ ಆಡುವುದು ಸರ್ಕಾರದ ಮಾತು. ಒಳಗಿನ ಟಿಪ್ಪಣಿಯಲ್ಲಿ ಭಿನ್ನಾಭಿಪ್ರಾಯ ಬರೆಯಬಹುದು, ಹೊರಗೆ ಆಡುವಂತಿಲ್ಲ. ಸ್ವಂತ ಅಭಿಪ್ರಾಯವನ್ನು ಬರೆದು, ವಾದಿಸಿ ಬದುಕುವ ಆಸೆಯಿದ್ದರೆ ಸಂಶೋಧನೆಯ ದಾರಿಯೇ ಒಳ್ಳೆಯದು. ಅಲ್ಲಿ ಎಂ.ಎ.ಗೆ ಬೆಲೆಯಿದೆ. ಓದಲು ಜೆಎನ್‌ಯುನ ಅಂತರರಾಷ್ಟ್ರೀಯ ಅಧ್ಯಯನ ಶಾಲೆ ಇದೆ, ಹತ್ತಿರದಲ್ಲೇ ಮಣಿಪಾಲದ ವಿಭಾಗವಿದೆ. ಕೆಲಸಕ್ಕೆ ಬೆಂಗಳೂರಿನ ನಿಯಾಸ್, ತಕ್ಷಶಿಲಾದಂಥ ಸಂಸ್ಥೆಗಳಿವೆ.

ವಿದೇಶಾಂಗ ಸೇವೆಯಲ್ಲಿ ಸುಮಾರು ಮೂರು ವರ್ಷಕ್ಕೊಮ್ಮೆ ದೇಶ ಬದಲಾಗುತ್ತದೆ. ಮಕ್ಕಳ ಶಾಲೆ, ಬಾಳಸಂಗಾತಿಯ ನೌಕರಿ ಎರಡಕ್ಕೂ ಪೆಟ್ಟು. ಹೆಣ್ಣುಮಕ್ಕಳಿಗೆ ಒಂದು ಕಾಲದಲ್ಲಿ ಇನ್ನೂ ಕಷ್ಟವಿತ್ತು. ವಿರಾಜಪೇಟೆಯ ಸಿ.ಬಿ. ಮುತ್ತಮ್ಮ 1949ರಲ್ಲಿ ಈ ಸೇವೆಗೆ ಸೇರಿದ ಮೊದಲ ಮಹಿಳೆ. ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದ ಲಿಖಿತ ಅನುಮತಿ ಬೇಕೆಂಬ ನಿಯಮವಿತ್ತು. ಮದುವೆಯಾದವರನ್ನು ರಾಜೀನಾಮೆ ಕೊಡಿ ಎನ್ನಲೂ ಅವಕಾಶವಿತ್ತು. ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ಪೀಠ ಆ ನಿಯಮಗಳ ತಾರತಮ್ಯವನ್ನು ಕಟುವಾಗಿ ಖಂಡಿಸಿತು. ಇಂದು ಅರ್ಜಿ ಹಾಕುವ ಪ್ರತಿ ಹೆಣ್ಣುಮಗಳೂ ತಿಳಿದಿರಬೇಕಾದ ಹೆಸರು ಅದು.

ಯುಪಿಎಸ್‌ಸಿ ಒಂದೇ ಬಾಗಿಲಲ್ಲ. ಎಸ್‌ಎಸ್‌ಸಿಯ ಸಿಜಿಎಲ್ ಪರೀಕ್ಷೆ ಬರೆದು ವಿದೇಶಾಂಗ ಸಚಿವಾಲಯದಲ್ಲಿ ಸಹಾಯಕ ವಿಭಾಗಾಧಿಕಾರಿಯಾದವರಿಗೂ ಹೊರದೇಶದ ಕಚೇರಿಗಳಲ್ಲಿ ಕೆಲಸ ಸಿಗುತ್ತದೆ. ಜರ್ಮನಿ, ಫ್ರಾನ್ಸ್, ಜಪಾನ್, ಇಸ್ರೇಲ್‌ನ ಕಾನ್ಸುಲೇಟ್‌ಗಳು, ಬ್ರಿಟನ್ನಿನ ಉಪ ಹೈಕಮಿಷನ್ ಬೆಂಗಳೂರಿನಲ್ಲೇ ಇವೆ. ವ್ಯಾಪಾರ, ವೀಸಾ, ಸಂಸ್ಕೃತಿ ವಿಭಾಗಗಳಿಗೆ ಅವು ಸ್ಥಳೀಯರನ್ನು ತೆಗೆದುಕೊಳ್ಳುತ್ತವೆ. ವಿಶ್ವಸಂಸ್ಥೆಯ ಯುವ ವೃತ್ತಿಪರರ ಪರೀಕ್ಷೆಗೆ ವಯೋಮಿತಿ 32. ಆ ವರ್ಷದ ಪಟ್ಟಿಯಲ್ಲಿ ಭಾರತವಿದೆಯೇ ಎಂದು ಮೊದಲು ನೋಡಿಕೊಳ್ಳಿ, ಇಲ್ಲದಿದ್ದರೆ ಅರ್ಜಿ ಹಾಕುವಂತಿಲ್ಲ.

ಇವುಗಳಲ್ಲಿ ಯಾವ ದಾರಿ ಹಿಡಿದರೂ ಉಪಯೋಗಕ್ಕೆ ಬರುವುದು ಇನ್ನೊಂದು ಭಾಷೆ. ಬೆಂಗಳೂರಿನ ಅಲಯನ್ಸ್ ಫ್ರಾಂಸೇಸ್‌ನಲ್ಲಿ ಫ್ರೆಂಚ್, ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಕಲಿಸುತ್ತಾರೆ. ಪದವಿಯ ಮೊದಲ ವರ್ಷದಲ್ಲೇ ಹೆಸರು ಹಚ್ಚಿದರೆ ಮೂರನೇ ವರ್ಷದ ಹೊತ್ತಿಗೆ ಸಂಬಳದ ಕೆಲಸಕ್ಕೆ ಅರ್ಜಿ ಹಾಕುವಷ್ಟು ಹಿಡಿತ ಬರುತ್ತದೆ.