ಹೊಸ ನೆಲ, ಹೊಸ ಕೋಲು

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯನ್ನು ಸೋತ ತಂಡದ ಮೇಲೆ ಪ್ರಯೋಗಿಸುವುದು ಬಹು ಸುಲಭ. ಆದರೆ ಮಣ್ಣಿನ ಮೈದಾನದಲ್ಲಿ ಪಳಗಿದ ಕಾಲೇಜು ಹಾಕಿ ತಂಡವೊಂದು ಮೊದಲ ಸಲ ಕೃತಕ ಹಾಸಿನ ಮೇಲೆ ಇಳಿದಾಗ ಅದರ ಕಷ್ಟವೇ ಬೇರೆ. ಅಲ್ಲಿ ನೆಲ ಡೊಂಕಲ್ಲ. ಅಭ್ಯಾಸಕ್ಕೆ ಮೀರಿ ಸಮತಟ್ಟು.

ಕಮತಗಿ, ಇಳಕಲ್ಲುಗಳ ನೇಕಾರರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈಮಗ್ಗದ ಮುಂದೆ ಕುಳಿತವನ ಕೈ ಲಾಳಿಯ ಓಟವನ್ನು ನೋಡದೆಯೇ ಅಳೆಯುತ್ತದೆ. ಮಗ್ಗ ಬದಲಾದರೆ ವಿದ್ಯೆ ಹೋಗುವುದಿಲ್ಲ; ಅಳತೆ ಮಾತ್ರ ಕೆಲಕಾಲ ತಪ್ಪುತ್ತದೆ.

ಹಾಕಿಯಲ್ಲಿಯೂ ಹೀಗೆಯೇ. ಚೆಂಡಿನ ತೂಕ 156ರಿಂದ 163 ಗ್ರಾಂ. ಮಣ್ಣಿನಲ್ಲಿ ಅದು ತಡೆತಡೆದು, ಪುಟಿಪುಟಿದು ಬರುತ್ತದೆ. ನೀರು ಚಿಮುಕಿಸಿದ ಹಾಸಿನ ಮೇಲೆ ಘರ್ಷಣೆ ಕಡಿಮೆಯಾದುದರಿಂದ ಅದೇ ಹೊಡೆತಕ್ಕೆ ಬಹುದೂರ ಜಾರುತ್ತದೆ. ಸಂಗಡಿಗನಿಗೆಂದು ಕಳುಹಿಸಿದ್ದು ಗೆರೆಯನ್ನೇ ದಾಟುತ್ತದೆ. ಹಿಪ್ಪುನೇರಳೆ ಮರದ ಹಳೆಯ ಕೋಲಿಗಿಂತ ಕಾರ್ಬನ್ ನಾರಿನ ಕೋಲು ಬಿರುಸು. ಹೊಡೆತಕ್ಕೆ ವೇಗ ಬರುವುದು ನಿಜ. ಆದರೆ ತಡೆಯಲು ಚಾಚಿದಾಗ, ಕೈ ಪಳಗದವನಿಂದ ಚೆಂಡು ಸಿಡಿದು ಎದುರಾಳಿಯ ಪಾಲಾಗುತ್ತದೆ.

ಇದು ವಿದ್ಯಾರ್ಥಿಗಳಿಗಷ್ಟೇ ಬಂದ ಪಾಡಲ್ಲ. 1975ರಲ್ಲಿ ಕೌಲಾಲಂಪುರದ ಹುಲ್ಲಿನ ಮೇಲೆ ಪಾಕಿಸ್ತಾನವನ್ನು 2-1ರಿಂದ ಮಣಿಸಿ ವಿಶ್ವಕಪ್ ಗೆದ್ದ ಭಾರತ, ಮರುವರ್ಷವೇ ಮಾಂಟ್ರಿಯಲ್ ಒಲಿಂಪಿಕ್ಸಿನಲ್ಲಿ ಏಳನೆಯ ಸ್ಥಾನಕ್ಕಿಳಿಯಿತು. ಒಲಿಂಪಿಕ್ ಹಾಕಿ ಕೃತಕ ಹಾಸಿನ ಮೇಲೆ ನಡೆದುದು ಅದೇ ಮೊದಲು. ಕೊಡಗಿನ ಬಿ.ಪಿ. ಗೋವಿಂದ ಎರಡೂ ತಂಡಗಳಲ್ಲಿದ್ದವರು. ಹಾಸೊಂದನ್ನೇ ದೂರುವುದು ನ್ಯಾಯವಲ್ಲವಾದರೂ, ಒಂದೇ ವರ್ಷದಲ್ಲಿ ಇಡೀ ತಂಡ ಆಟವನ್ನೇ ಮರೆಯಿತೆನ್ನುವುದು ಇನ್ನೂ ದೊಡ್ಡ ಅನ್ಯಾಯ. 1980ರಲ್ಲಿ ಮಾಸ್ಕೋದ ಕೃತಕ ಹಾಸಿನ ಮೇಲೆಯೇ ಭಾರತ ಚಿನ್ನ ಗೆದ್ದಿತು. ಹಲವು ಪ್ರಬಲ ತಂಡಗಳು ಅಲ್ಲಿಗೆ ಬಂದಿರಲಿಲ್ಲವೆಂಬುದು ನಿಜ. ಆದರೂ ಹೊಸ ನೆಲ ಕಲಿಯಲಾರದ ನೆಲವಲ್ಲವೆಂಬುದು ಅಂದು ಸ್ಥಿರವಾಯಿತು.

ಕಲಿಯಲು ಬೇಕಾದುದು ಕಾಲಾವಕಾಶ. ಪಂದ್ಯದ ಹಿಂದಿನ ದಿನ ಹನ್ನೊಂದು ಹೊಸ ಕೋಲುಗಳನ್ನು ಹಂಚುವುದಕ್ಕಿಂತ, ತಿಂಗಳ ಮೊದಲೇ ಒಂದೆರಡನ್ನು ತರಿಸಿ ಸರದಿಯಂತೆ ಆಡಿಸುವುದು ಮೇಲು. ಪಂದ್ಯಾವಳಿ ನಡೆಸುವವರೂ ದೂರದೂರಿನ ತಂಡಗಳಿಗೆ ಎರಡು ಬೆಳಗಿನ ಹೊತ್ತು ಹಾಸನ್ನು ಬಿಟ್ಟುಕೊಟ್ಟರೆ ಅವರಿಗೇನೂ ನಷ್ಟವಿಲ್ಲ.

ಆಯ್ಕೆಗಾರರ ಕಣ್ಣಿಗೆ ಹಳ್ಳಿಯ ಹುಡುಗ ಬೀಳುವುದು ಬಹುಶಃ ಆ ಒಂದು ಪಂದ್ಯದಲ್ಲಿ ಮಾತ್ರ. ಅಂದು ಅವರು ಅಳೆಯಬೇಕಾದುದು ಅವನ ಆಟವನ್ನು; ಅವನು ಹಾಸು ಕಂಡ ದಿನಗಳ ಲೆಕ್ಕವನ್ನಲ್ಲ.