ನಿಂತರೆ ಬಿಡುವ ನೋವು

ಹುಬ್ಬಳ್ಳಿಯ ನೃಪತುಂಗ ಬೆಟ್ಟಕ್ಕೆ ಬೆಳಿಗ್ಗೆ ವಾಕಿಂಗ್ ಬರುವವರಲ್ಲಿ ‘ಕಾಲು ಸೆಳಿತಾವ್ರಿ’ ಅನ್ನದವರು ಕಡಿಮೆ. ಬಹಳಷ್ಟು ಸಲ ಅದು ಮೊಣಕಾಲಿನ ಸವೆತ, ಇಲ್ಲವೇ ಸೊಂಟದಲ್ಲಿ ಒತ್ತಿದ ನರ. ಆದರೆ ಒಂದು ನೋವು ಲೆಕ್ಕದಲ್ಲಿ ಪಕ್ಕಾ. ದಿನಾ ಹೆಚ್ಚುಕಡಿಮೆ ಅಷ್ಟೇ ದೂರ ನಡೆದಾಗ ಮೀನಖಂಡ ಹಿಡಿಯುತ್ತದೆ, ಕೆಲವು ನಿಮಿಷ ನಿಂತರೆ ಬಿಡುತ್ತದೆ. ಸೊಂಟದ ನರದ್ದಾದರೆ ಕೂರಬೇಕು ಅಥವಾ ಮುಂದಕ್ಕೆ ಬಾಗಬೇಕು. ಇದಕ್ಕೆ ಬರೀ ನಿಂತರೆ ಸಾಕು. ದುಡಿಯುವ ಸ್ನಾಯುವಿಗೆ ರಕ್ತ ಸಾಲದೆ ಬರುವ ನೋವು ಇದು. 1831ರಲ್ಲಿ ಫ್ರಾನ್ಸಿನ ಪಶುವೈದ್ಯ ಬೂಲೆ ಇದನ್ನು ವಿವರಿಸಿದಾಗ ರೋಗಿಯಾಗಿದ್ದದ್ದು ಒಂದು ಕುದುರೆ!

ವಯಸ್ಸಾದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಸಾಮಾನ್ಯವಾಗಿ ಅಪಧಮನಿಯೊಳಗೆ ಕೊಬ್ಬು ಕಟ್ಟಿರುತ್ತದೆ. ಇಪ್ಪತ್ತೈದರ ಓಟಗಾರನಿಗೆ ಬಂದರೆ? ಆಗ ಮೊಣಕಾಲಿನ ಹಿಂದಿನ ಸಂದಿಯನ್ನು ನೋಡಬೇಕು. ಅಲ್ಲಿ ಅಪಧಮನಿ ಮೀನಖಂಡದ ಸ್ನಾಯುವಿನ ಎರಡು ತಲೆಗಳ ನಡುವೆ ಇಳಿಯಬೇಕು. ಕೆಲವರಲ್ಲಿ ಗರ್ಭದಲ್ಲಿದ್ದಾಗಲೇ ದಾರಿ ತಪ್ಪಿ ಒಳಬದಿಯ ತಲೆಯನ್ನು ಬಳಸಿಕೊಂಡು ಹೋಗಿರುತ್ತದೆ. ಸ್ನಾಯು ಬಿಗಿದಾಗಲೆಲ್ಲ ಅಪಧಮನಿ ಹಿಚುಕಿಹೋಗುತ್ತದೆ, ನಳ ಬಂದ ದಿನವೇ ಯಾರೋ ಪೈಪಿನ ಮೇಲೆ ಕಾಲಿಟ್ಟ ಹಾಗೆ. 1879ರಲ್ಲಿ ಎಡಿನ್‌ಬರೋದ ವೈದ್ಯಕೀಯ ವಿದ್ಯಾರ್ಥಿ ಸ್ಟುವರ್ಟ್ ಕತ್ತರಿಸಿ ತೆಗೆದ ಕಾಲೊಂದರಲ್ಲಿ ಇದನ್ನು ಕಂಡ. ರೋಗಿಯನ್ನು ಮಲಗಿಸಿ ನೋಡಿದರೆ ಪಾದದ ನಾಡಿ ಚೆನ್ನಾಗಿಯೇ ಸಿಗಬಹುದು. ಪಾದವನ್ನು ಜೋರಾಗಿ ಕೆಳಕ್ಕೆ ಒತ್ತಲು ಹೇಳಿ, ನಾಡಿ ಮಾಯ! ಆರೋಗ್ಯವಂತರಲ್ಲೂ ಕೆಲವರಿಗೆ ಹೀಗಾಗುವುದರಿಂದ ಇಷ್ಟಕ್ಕೇ ತೀರ್ಮಾನ ಸಲ್ಲದು. ಆದರೆ ಇದನ್ನೂ ನೋಡದೆ ಮುಲಾಮು ಬರೆದುಕೊಡುವುದು ಅದಕ್ಕಿಂತ ಕೆಟ್ಟದ್ದು. ವರ್ಷಗಟ್ಟಲೆ ಹಿಚುಕಿಸಿಕೊಂಡ ಅಪಧಮನಿ ಒಂದು ದಿನ ಮುಚ್ಚಿಯೇ ಹೋಗಬಹುದು.

ವಿಜಯಪುರ, ಬಾಗಲಕೋಟೆಯ ಸೈಕಲ್ ಪಟುಗಳು ತಿಳಿದಿರಬೇಕಾದದ್ದು ಇನ್ನೊಂದಿದೆ. ಹ್ಯಾಂಡಲ್ ಮೇಲೆ ಬಾಗಿ ವರ್ಷಾನುಗಟ್ಟಲೆ ತುಳಿದರೆ, ತೊಡೆಸಂದಿಯ ಮೇಲಿನ ಅಪಧಮನಿ ಮಡಚಿ ಮಡಚಿ ಅದರ ಒಳಗೋಡೆ ದಪ್ಪವಾಗುವುದುಂಟು. ಪೂರ್ತಿ ವೇಗದಲ್ಲಿ ತುಳಿಯುವಾಗ ತೊಡೆ ಸೋಲುತ್ತದೆ. ನಡೆಯುವಾಗ ಏನೂ ಗೊತ್ತಾಗದಿರಬಹುದು.

ನಮ್ಮ ಕಡೆ ಇವೆರಡಕ್ಕಿಂತ ಮೊದಲು ನೆನಪಾಗಬೇಕಾದದ್ದು ಬೀಡಿ. ಧಾರವಾಡದಿಂದ ಬೆಳಗಾವಿ ದಾಟಿದರೆ ನಿಪ್ಪಾಣಿ, ಬೀಡಿ ತಂಬಾಕಿನ ಸೀಮೆ. ತಂಬಾಕು ಬಳಸುವ ಕೆಲವರಲ್ಲಿ, ಹೆಚ್ಚಾಗಿ ಐವತ್ತರೊಳಗಿನ ಗಂಡಸರಲ್ಲಿ, ಕೈಕಾಲುಗಳ ಸಣ್ಣ ಅಪಧಮನಿಗಳಲ್ಲಿ ಉರಿಯೂತದಿಂದ ರಕ್ತ ಹೆಪ್ಪುಗಟ್ಟುತ್ತದೆ. 1908ರಲ್ಲಿ ನ್ಯೂಯಾರ್ಕಿನ ಲಿಯೋ ಬರ್ಗರ್ ವಿವರಿಸಿದ ಈ ರೋಗಕ್ಕೆ ಅವರದೇ ಹೆಸರಿದೆ. ನೋವು ಎಷ್ಟೋ ಸಲ ಅಂಗಾಲಿನಲ್ಲಿ ಶುರುವಾಗುವುದರಿಂದ ಜನ ಚಪ್ಪಲಿ ಬದಲಿಸುತ್ತಾ ಕೂರುತ್ತಾರೆ. ಬೆರಳು ಕಪ್ಪಾದಾಗ ಆಸ್ಪತ್ರೆ. ತಂಬಾಕನ್ನು ಪೂರ್ತಿ ಬಿಟ್ಟವರ ಕಾಲು ಬಹುತೇಕ ಉಳಿಯುತ್ತದೆ. ‘ದಿನಕ್ಕ ಒಂದ ಸೇದತೀನ್ರಿ’ ಎಂಬ ಚೌಕಾಸಿ ಇಲ್ಲಿ ನಡೆಯುವುದಿಲ್ಲ, ಬೀಡಿ ಬಿಟ್ಟು ಗುಟ್ಕಾ ಹಿಡಿದರೂ ಅಷ್ಟೇ.